ಚಂದ್ರಿಕೆಗೆ ಬಿಟ್ಟ ಮೇಲೆ

ಮೊನ್ನೆ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕೋಲಾರದ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಒಬ್ಬ ವಿದ್ಯಾರ್ಥಿನಿ ರೇಷ್ಮೆಗೂಡುಗಳನ್ನು ಸೋಡಾ ಬೆರೆಸಿದ ನೀರಿನಲ್ಲಿ ಕುದಿಯಲು ಇಟ್ಟಿದ್ದಳು. ಗೂಡಿನ ಅಂಟು ಬಿಟ್ಟುಹೋಗಿ ಬರಿಯ ಎಳೆ ಉಳಿಯಬೇಕು, ಆಮೇಲೆ ಆ ಎಳೆಯನ್ನು ಕರಗಿಸಿ ಬೇರೊಂದು ರೂಪಕ್ಕೆ ತರಬೇಕು, ಅದು ಅವಳ ಪ್ರಾಜೆಕ್ಟು. ಗೂಡು ಕತ್ತರಿಸಿ ಒಳಗಿನ ಹುಳ ತೆಗೆದು ಹಾಕು ಎಂದು ಹೇಳಿದ್ದೆ. ನಾಲ್ಕೈದನ್ನು ಹುಳದ ಸಮೇತ ಹಾಕಿಬಿಟ್ಟಿದ್ದಳೆಂದು ಕಾಣುತ್ತದೆ. ಬೇಯುವ ಹುಳದ ಆ ವಾಸನೆ ಕಾರಿಡಾರಿನ ತುದಿಯವರೆಗೆ ಬಂತು. ಆಫೀಸಿನವರು ಮೂಗು ಮುಚ್ಚಿಕೊಂಡು ಕಿಟಕಿ ತೆರೆದರು. ನಾನು ಮಾತ್ರ ಕೈಯಲ್ಲಿದ್ದ ಹಾಜರಿ ಪುಸ್ತಕವನ್ನು ಎದೆಗೊತ್ತಿಕೊಂಡು ನಿಂತಲ್ಲೇ ನಿಂತೆ.

ನಮ್ಮ ಎದುರು ಮನೆಯ ಅತ್ತೆಗೆ ಈ ವಾಸನೆ ಆಗುತ್ತಿರಲಿಲ್ಲ. ವರ್ಷವಿಡೀ ರೇಷ್ಮೆ ಹುಳ ಸಾಕುವವರು, ಆದರೆ ಗೂಡು ಬೇಯಿಸಿ ನೂಲು ಬಿಚ್ಚುವ ಕಡೆ ಒಂದು ದಿನವೂ ಕಾಲಿಟ್ಟವರಲ್ಲ. "ಕಟ್ಟಾಗ ನೋಡ್ಬೇಕು ಕಣೇ, ಬೇಯ್ಸಾಗ ನೋಡ್ಬಾರ್ದು," ಅನ್ನುತ್ತಿದ್ದರು. ತಾವೇ ಸಾಕಿ ತಾವೇ ಮಾರಿದ ಮೇಲೆ ಇದೆಂಥ ನ್ಯಾಯ ಎಂದು ನಾನೊಮ್ಮೆ ಕೆಣಕಿದೆ. ಅವರು ಹಿಪ್ಪುನೇರಳೆ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋಗಿಬಿಟ್ಟರು. 

ಬೈರಕೂರಿಗೆ ಹತ್ತಿರದ ನಮ್ಮೂರಿನಲ್ಲಿ ಎಲ್ಲರೂ ಅವರನ್ನು ಹುಳದಮನೆ ಅತ್ತೆ ಅನ್ನುತ್ತಿದ್ದರು. ರಕ್ತಸಂಬಂಧ ಏನೂ ಇರಲಿಲ್ಲ. ಎತ್ತರದ, ಒಣಕಲು ಹೆಂಗಸು, ಸೆರಗು ಸದಾ ಸೊಂಟಕ್ಕೆ. ತವರು ಆಂಧ್ರದ ಗಡಿಯಲ್ಲಿ, ರಾಯಲ್ಪಾಡಿನ ಆಚೆ, ಹಾಗಾಗಿ ಮನುಷ್ಯರ ಜೊತೆ ಕನ್ನಡ, ಹುಳಗಳ ಜೊತೆ ತೆಲುಗು. ಸೊಪ್ಪು ಹಾಕುವಾಗ "ತಿನಂಡಮ್ಮಾ, ತಿನಂಡಿ" ಎಂದು ಉಪಚಾರ ಮಾಡುವುದು ನಮ್ಮ ಜಗಲಿಗೆ ಕೇಳಿಸುತ್ತಿತ್ತು. ಮನೆಗೆ ಬಂದ ನೆಂಟರನ್ನು ಅಷ್ಟು ಉಪಚರಿಸಿದ್ದನ್ನು ಮಾತ್ರ ನಾನು ಕಂಡಿಲ್ಲ.

ಅವರನ್ನು ನಾನು ನಿಜವಾಗಿ ನೋಡಿದ್ದು ಇಪ್ಪತ್ತೇಳನೇ ವಯಸ್ಸಿನಲ್ಲಿ, ಸೋತು ಊರಿಗೆ ಬಂದಾಗ. ಬೆಂಗಳೂರಿನಲ್ಲಿ ರಸಾಯನಶಾಸ್ತ್ರದ ಸಂಶೋಧನೆ ಮಾಡುತ್ತಿದ್ದೆ. ಕೆಲಸ ಹೇಳಲು ಸುಲಭ. ಒಂದು ಪುಟ್ಟ ಅಣುವನ್ನು ನಾವೇ ರೂಪಿಸುವುದು. ಅದರ ಒಂದು ತುದಿಗೆ ನೀರೆಂದರೆ ಪ್ರೀತಿ, ಇನ್ನೊಂದು ತುದಿಗೆ ನೀರೆಂದರೆ ಆಗದು, ನಡುವೆ ಪಕ್ಕದ ಅಣುವನ್ನು ಹಿಡಿದುಕೊಳ್ಳುವ ಜಾಗ. ಬಿಸಿನೀರಿನಲ್ಲಿ ಕರಗಿಸಿ ಆರಲು ಬಿಟ್ಟರೆ ಅಣುಗಳು ತಾವಾಗಿಯೇ ಒಂದಕ್ಕೊಂದು ಅಂಟಿ ಸಾಲಾಗಬೇಕು, ಸಾಲು ಎಳೆಯಾಗಬೇಕು, ಎಳೆಗಳು ಹೆಣೆದುಕೊಂಡು ಬಲೆಯಾಗಬೇಕು. ಆ ಬಲೆ ನೀರನ್ನು ಹಿಡಿದು ನಿಲ್ಲಿಸಿ ಮೆತ್ತನೆಯ ಜೆಲ್ಲಿಯ ಹಾಗೆ ಗಟ್ಟಿ ಮಾಡಬೇಕು. ಸುಟ್ಟ ಗಾಯದ ಮೇಲೆ ಹಚ್ಚಲು ಅಂಥದ್ದು ಬೇಕೆಂಬುದು ನನ್ನ ಗೈಡ್ ಅವರ ಆಸೆ. ಕಟ್ಟುವ ಕೆಲಸ ನಮ್ಮದಲ್ಲ, ಅಣುಗಳದ್ದು. ಕಾಗದದ ಮೇಲೆ ಎಲ್ಲ ಸರಿಯಿತ್ತು.

ಬಾಟಲಿಯಲ್ಲಿ ಮಾತ್ರ ಎರಡು ವರ್ಷ ಒಡೆದ ಹಾಲಿನ ಹಾಗೆ ಬಿಳಿ ಗಸಿ ತಳಕ್ಕೆ ಕೂತಿತು. ಅಣುವಿನ ತುದಿ ಬದಲಿಸಿದೆ, ನಡು ಬದಲಿಸಿದೆ, ನನ್ನ ಊಟದ ಹೊತ್ತು ಬದಲಿಸಿದೆ. ಗಸಿ ಬದಲಾಗಲಿಲ್ಲ. ಕೊನೆಗೆ ಗೈಡ್ ಕರೆದು, ಇನ್ನೊಂದು ತಿಂಗಳು ನೋಡು, ಆಗದಿದ್ದರೆ ಈ ವಿಷಯ ಬಿಟ್ಟುಬಿಡೋಣ ಎಂದರು. ವಿಷಯ ಬಿಟ್ಟರೆ ನಾನು ಪಿಎಚ್‌ಡಿಯನ್ನೇ ಬಿಡುವವಳು ಎಂದು ನನಗೆ ಗೊತ್ತಿತ್ತು. ಹತ್ತು ದಿನ ರಜೆ ಹಾಕಿ ಊರಿಗೆ ಬಂದು ಜಗಲಿಯ ಮೇಲೆ ಕೂತೆ.

ಎದುರು ಮನೆಯಲ್ಲಿ ಹುಳ ಕೊನೆಯ ಜ್ವರದಿಂದ ಎದ್ದು ನಾಲ್ಕು ದಿನವಾಗಿತ್ತು, ಬಿಡದೆ ತಿನ್ನುತ್ತಿದ್ದವು. ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಮಂಕಾಗಿ ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ಕಳೆದ ಮೇಲೆ ಅವುಗಳ ಹಸಿವು ನೋಡಬೇಕು. ಸೊಪ್ಪು ಮೇಯುವ ಆ ಸದ್ದು ನನಗೆ ಪರೀಕ್ಷೆಯ ಹಾಲಿನಲ್ಲಿ ಎಲ್ಲರೂ ಒಟ್ಟಿಗೆ ಬರೆಯುತ್ತಿರುವ ಹಾಗೆ ಕೇಳಿಸಿತು, ಎಲ್ಲರಿಗೂ ಉತ್ತರ ಗೊತ್ತಿದೆ, ನನಗೊಬ್ಬಳಿಗೆ ಗೊತ್ತಿಲ್ಲ.

"ಸುಮ್ಕೆ ಕೂತ್ಕೊಂಡು ಏನ್ ಮಾಡ್ತೀಯ, ಬಾ ಸೊಪ್ಪು ಕತ್ತರ್ಸು," ಎಂದು ಅತ್ತೆ ಕರೆದರು.

ಹುಳದಮನೆಯ ಹೊಸಿಲಲ್ಲಿ ಸುಣ್ಣದ ಪುಡಿ. ಅದನ್ನು ತುಳಿದು, ಕೈ ತೊಳೆದು ಒಳಗೆ ಹೋಗಬೇಕು. ಮುಖಕ್ಕೆ ಪೌಡರು ಹಾಕಿರಬಾರದು, ಊದುಬತ್ತಿಯ ಘಮ ಇರಬಾರದು. ಹುಳ ಚೆನ್ನಾಗಿವೆ ಎಂದು ಬಾಯಿ ಬಿಟ್ಟು ಹೇಳಲೇಬಾರದು. ನಮ್ಮ ಬೆಂಗಳೂರಿನ ಲ್ಯಾಬಿನಲ್ಲಿ ಗೋಡೆಗೆ ಅಂಟಿಸಿದ ನಿಯಮಗಳಿಗಿಂತ ಇವು ಹೆಚ್ಚಿದ್ದವು, ಪಾಲನೆಯೂ ಹೆಚ್ಚಾಗಿತ್ತು.

ಮೂರನೇ ದಿನ ಹುಳ ಹಣ್ಣಾಗತೊಡಗಿದವು. ಹಣ್ಣಾದ ಹುಳ ತಿನ್ನುವುದಿಲ್ಲ, ತಲೆ ಎತ್ತಿ ಆಡಿಸುತ್ತದೆ, ಮೈ ಒಳಗಿನಿಂದ ಹಳದಿ ತಿರುಗುತ್ತದೆ. ಅತ್ತೆ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಕೊರಳಿನ ಬಳಿ ಗಾಜಿನ ಹಾಗೆ ಆಚೆಯದು ಕಾಣುತ್ತಿತ್ತು. ಅಂಥವನ್ನು ಆಯ್ದು ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಅಂದರೆ ಬಿದಿರಿನ ದೊಡ್ಡ ಚಾಪೆ, ಅದರ ಮೇಲೆ ಸುರುಳಿ ಸುರುಳಿಯಾಗಿ ಎತ್ತಿಕಟ್ಟಿದ ಬಿದಿರಿನ ಪಟ್ಟಿ. ಆ ಸುರುಳಿಗಳ ಸಂದಿನಲ್ಲಿ ಹುಳ ತನ್ನ ಜಾಗ ಹುಡುಕಿಕೊಂಡು ಗೂಡು ಕಟ್ಟುತ್ತದೆ.

ಆವತ್ತು ಒಂದು ಹುಳ ಯಾರದೋ ಕಾಲಿಗೆ ಸಿಕ್ಕಿ ಒಡೆದಿತ್ತು. ಅತ್ತೆ ಚ್ಚು ಚ್ಚು ಅಂದು, ಅದರೊಳಗಿನ ಹಳದಿ ಅಂಟನ್ನು ಎರಡು ಬೆರಳಿನ ನಡುವೆ ತೆಗೆದುಕೊಂಡರು. ಜೇನಿನ ಹಾಗೆ ಇಳಿಯುತ್ತಿತ್ತು. ಬೆರಳುಗಳನ್ನು ಮೆಲ್ಲಗೆ ದೂರ ಎಳೆದರು. ನಡುವೆ ಒಂದು ಎಳೆ ನಿಂತಿತು... ಬಿಸಿಲಿಗೆ ಮಿಂಚುವ, ಗಾಳಿಗೆ ಅಲ್ಲಾಡುವ, ಕಡಿಯದ ಎಳೆ. ಒಂದು ಕ್ಷಣದ ಹಿಂದೆ ಅದು ದ್ರವವಾಗಿತ್ತು.

"ಹುಳ ಉಗುಳ್ತದೆ ಅಂದ್ಕೊಂಡಿದೀಯಾ? ಇಲ್ಲ ಕಣೇ. ಬಾಯಿ ಅಂಟಿಸ್ತದೆ, ಆಮೇಲೆ ತಲೆ ಹಿಂದಕ್ಕೆ ತಗೊಂಡು ಎಳೀತದೆ. ಎಳುದ್ರೇನೇ ಅದು ನೂಲು. ಇಲ್ಲಾಂದ್ರೆ ನೀರು."

 ಈ ಮಾತನ್ನೇ ನಾನು ಇಂಗ್ಲಿಷಿನಲ್ಲಿ, ಚಿತ್ರಗಳ ಸಮೇತ, ದೊಡ್ಡ ದೊಡ್ಡವರ ಹೆಸರಿದ್ದ ಲೇಖನಗಳಲ್ಲಿ ಓದಿದ್ದೆ. ಎಳೆದಾಗ ಒಳಗಿನ ಉದ್ದುದ್ದ ಅಣುಗಳು ಒಂದೇ ದಿಕ್ಕಿಗೆ ತಿರುಗಿ, ಒಂದನ್ನೊಂದು ಹಿಡಿದುಕೊಂಡು, ದ್ರವವು ದಾರವಾಗುತ್ತದೆ. ಅಲ್ಲಿ ಅದೊಂದು ವಾಕ್ಯ. ಇಲ್ಲಿ ಅತ್ತೆಯ ಎರಡು ಬೆರಳಿನ ನಡುವೆ ಅದು ನಡೆದೇಹೋಗಿತ್ತು. ಅವರಿಗೆ ಯಾರು ಹೇಳಿಕೊಟ್ಟರು ಎಂದು ಕೇಳಿದೆ. "ನೋಡಿದೀನಿ," ಎಂದರು. ಸೆರಗಿಗೆ ಬೆರಳು ಒರೆಸಿಕೊಂಡು ಮುಂದಿನ ತಟ್ಟೆಗೆ ಹೋದರು.

ನನ್ನ ಕೈಗಳ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಅವು ಸುಮ್ಮನಿರುವ ಕೈಗಳಲ್ಲ. ಅನ್ನ ಬೇಯುವಾಗ ಮೂರು ಸಲ ಮುಚ್ಚಳ ತೆಗೆದು ನೋಡುವವಳು ನಾನು, ಅಮ್ಮನಿಂದ ಬೈಸಿಕೊಂಡೇ ಬೆಳೆದವಳು. ಹುಳ ಗೂಡು ಕಟ್ಟುವುದನ್ನು ಮೊಬೈಲಿನಲ್ಲಿ ಹಿಡಿಯಬೇಕು ಅನ್ನಿಸಿತು. ಕಿಟಕಿಗಳಿಗೆಲ್ಲ ಗೋಣಿ ಇಳಿಬಿಟ್ಟು ಕೋಣೆ ಮಬ್ಬಾಗಿತ್ತು. ಚಂದ್ರಿಕೆಗೆ ಬಿಟ್ಟ ಮೇಲೆ ಅತ್ತೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಮಧ್ಯಾಹ್ನ ಅವರು ತೋಟಕ್ಕೆ ಹೋದದ್ದನ್ನು ನೋಡಿಕೊಂಡು, ಮನೆಯಿಂದ ಟೇಬಲ್ ಲ್ಯಾಂಪು ತಂದು ಮೂಲೆಯ ಚಂದ್ರಿಕೆಯ ಬಲಗಡೆಗೆ ಹಚ್ಚಿಟ್ಟೆ, ಮೊಬೈಲನ್ನು ಅಲ್ಲಿನ ಗೋಡೆಯ ಹಲಗೆಯ ಮೇಲೆ ಒರಗಿಸಿದೆ. ಅರ್ಧ ಗಂಟೆಯಾದ ಮೇಲೆ ಮೊಬೈಲು ತೆಗೆದುಕೊಂಡು ಬಂದೆ. ಅಷ್ಟರಲ್ಲಿ ಕರೆಂಟು ಹೋಗಿತ್ತು. ದೀಪ ಆರಿದ್ದರಿಂದ ಲ್ಯಾಂಪು ನೆನಪಾಗಲಿಲ್ಲ, ಸ್ವಿಚ್ಚು ಹಾಕಿದ್ದು ಹಾಕಿದಂತೆಯೇ ಉಳಿಯಿತು. ಕರೆಂಟು ಯಾವಾಗ ಬಂತೋ, ಅದು ಎಷ್ಟು ಹೊತ್ತು ಉರಿಯಿತೋ... ಮರುದಿನ ಬೆಳಿಗ್ಗೆ ಅತ್ತೆ ಅದನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮ ಜಗಲಿಗೆ ಬಂದು ಇಟ್ಟು ಹೋದರು.

ಗೂಡು ಬಿಡಿಸುವ ದಿನ ಆ ಮೂಲೆಯ ಚಂದ್ರಿಕೆಯ ಮುಂದೆ ನನ್ನನ್ನು ಕೂರಿಸಿದರು. ಬಲಗಡೆ ಹೆಚ್ಚುಕಡಿಮೆ ಖಾಲಿ. ಎಡಗಡೆ ಗೂಡಿನ ಮೇಲೆ ಗೂಡು. ಹುಳಕ್ಕೆ ಬೆಳಕು ಆಗುವುದಿಲ್ಲ, ಎಲ್ಲವೂ ಕತ್ತಲಿದ್ದ ಕಡೆಗೆ ಹರಿದುಹೋಗಿದ್ದವು. ಅಲ್ಲಿ ಜಾಗ ಸಾಲದೆ ಎರಡೆರಡು ಹುಳ ಒಂದೇ ಗೂಡು ಕಟ್ಟಿಕೊಂಡಿದ್ದವು. ದಪ್ಪ, ಒರಟು, ಆಕಾರಗೆಟ್ಟ ಗೂಡುಗಳು. ಅಂಥ ಜೋಡಿಗೂಡಿನಲ್ಲಿ ಎರಡು ಎಳೆ ಸಿಕ್ಕಾಗಿರುತ್ತವೆ, ನೂಲು ಬಿಚ್ಚಲು ಬರುವುದಿಲ್ಲ. ಇಪ್ಪತ್ತೈದು ದಿನ ಹಗಲಿರುಳು ಸೊಪ್ಪು ಹಾಕಿ ಸಾಕಿದ್ದ ಹುಳಗಳು. ನನಗೆ ಅಳು ಬಂತು. ತಪ್ಪಾಯ್ತು ಅತ್ತೆ, ಹುಳಗಳನ್ನೆಲ್ಲ ಕೆಡಿಸಿಬಿಟ್ಟೆ ಅಂದೆ.

"ಹುಳ ಎಲ್ಲಿ ಕೆಟ್ಟವೆ?" ಎಂದರು ಅತ್ತೆ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಆದರೆ ಸಮಾಧಾನ ಮಾಡುವ ಮೆದುವೂ ಇರಲಿಲ್ಲ. "ಇತ್ತ ಬೆಳಕಿಟ್ಟೆ, ಅತ್ತ ಹೋದ್ವು. ಜಾಗ ಇಲ್ಲ, ಇಬ್ಬಿಬ್ರು ಸೇರ್ಕೊಂಡು ಕಟ್ಕೊಂಡ್ವು. ಅವು ಸರಿಯಾಗೇ ಕಟ್ಟವೆ. ಗೂಡು ನೋಡಿದ್ರೆ ನಾವೇನ್ ಮಾಡಿದ್ವಿ ಅಂತ ಗೊತ್ತಾಗ್ತದೆ, ಅಷ್ಟೇ."

ಜೋಡಿಗೂಡುಗಳನ್ನು ಬೇರೆ ಬುಟ್ಟಿಗೆ ಆಯ್ದು ಹಾಕುತ್ತಾ ನಾನು ಆ ಮಾತನ್ನು ಒಳಗೊಳಗೇ ಹೇಳಿಕೊಂಡೆ. ಎರಡು ವರ್ಷ ನನ್ನ ಅಣುವನ್ನು ಬೈದಿದ್ದೆ. ಆ ಬಿಳಿ ಗಸಿಯನ್ನು ಚರಂಡಿಗೆ ಸುರಿದಿದ್ದೆನೇ ಹೊರತು, ನಾನೇನು ಮಾಡಿದ್ದಕ್ಕೆ ಅದು ಹೀಗೆ ಕಟ್ಟಿತು ಎಂದು ಒಮ್ಮೆಯೂ ಕೇಳಿರಲಿಲ್ಲ. ಈಗ ಕೇಳಿಕೊಂಡೆ. ಬಿಸಿ ಬಾಟಲಿಯನ್ನು ಆತುರಕ್ಕೆ ಬಿದ್ದು ಐಸಿನಲ್ಲಿ ಅದ್ದುತ್ತಿದ್ದೆ. ಗುಂಯ್‌ಗುಡುವ ಪಂಪು ಕೂತ ಮೇಜಿನ ಮೇಲೇ ಇಡುತ್ತಿದ್ದೆ. ಹತ್ತು ನಿಮಿಷಕ್ಕೊಮ್ಮೆ ಎತ್ತಿ, ಗಟ್ಟಿಯಾಯಿತೇ ಎಂದು ವಾಲಿಸಿ ನೋಡುತ್ತಿದ್ದೆ. ಕೈಹಿಡಿಯಲು ಹೊರಟ ಅಣುಗಳನ್ನು ಪ್ರತಿ ಹತ್ತು ನಿಮಿಷಕ್ಕೆ ಕೊಡವಿ ಎಬ್ಬಿಸಿದ್ದವಳು ನಾನೇ.

ಎರಡು ದಿನದ ರಜೆ ಉಳಿದಿರುವಾಗಲೇ ಬಸ್ಸು ಹತ್ತಿದೆ. ಶನಿವಾರ ಮಧ್ಯಾಹ್ನ ಹಳೆಯ ಅಣುವನ್ನೇ, ಏನೂ ಬದಲಿಸದೆ, ಬಿಸಿನೀರಿನಲ್ಲಿ ಕರಗಿಸಿದೆ. ಬಾಟಲಿಯನ್ನು ಅಮ್ಮನ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ, ಬಿಸಿನೀರು ತುಂಬಿದ ಪಾತ್ರೆಯಲ್ಲಿ ಕೂರಿಸಿ, ಪಂಪಿನಿಂದ ದೂರದ ಉಗ್ರಾಣದ ಮೂಲೆಯಲ್ಲಿ ನೆಲದ ಮೇಲಿಟ್ಟೆ. ಬಾಗಿಲಿಗೆ "ಹುಳ ಚಂದ್ರಿಕೆಗೆ ಬಿಟ್ಟಿದೆ, ಯಾರೂ ಬರಬೇಡಿ" ಎಂದು ಕನ್ನಡದಲ್ಲಿ ಬರೆದು ಅಂಟಿಸಿದೆ. ನನ್ನ ಜೊತೆಗಾರರಲ್ಲಿ ಅರ್ಧ ಜನಕ್ಕೆ ಅದು ಓದಲು ಬಾರದು, ಓದಿದವರಿಗೆ ಅರ್ಥವಾಗಲಿಲ್ಲ, ಅಂತೂ ಯಾರೂ ಒಳಗೆ ಹೋಗಲಿಲ್ಲ. ಭಾನುವಾರ ನಾನು ಲ್ಯಾಬಿನ ಕಡೆಗೇ ಸುಳಿಯಲಿಲ್ಲ. ಜೀವಮಾನದಲ್ಲಿ ನಾನು ಮಾಡಿದ ಅತ್ಯಂತ ಕಷ್ಟದ ಪ್ರಯೋಗ ಅದು.

ಸೋಮವಾರ ಬೆಳಿಗ್ಗೆ ಬಟ್ಟೆ ಬಿಚ್ಚಿದೆ. ಬಾಟಲಿಯಲ್ಲಿ ತಿಳಿನೀರು ಇದ್ದ ಹಾಗಿತ್ತು, ಗಸಿ ಇರಲಿಲ್ಲ. ತಿರುಗಿಸಿ ತಲೆಕೆಳಗೆ ಮಾಡಿದೆ. ನೀರು ಬೀಳಲಿಲ್ಲ. ಮೇಲೇ ನಿಂತಿತ್ತು, ಬೆಳಕಿಗೆ ಹಿಡಿದರೆ ತುಸು ನೀಲಿ. ಎಣಿಸಲು ಸಾಧ್ಯವೇ ಇಲ್ಲದಷ್ಟು ಅಣುಗಳು, ಹೇಳುವವರು ಕೇಳುವವರು ಇಲ್ಲದೆ, ಒಂದೊಂದೂ ತನ್ನ ಪಕ್ಕದವರನ್ನು ಹುಡುಕಿಕೊಂಡು, ಸರಿಯಾದ ಕಡೆಗೆ ಮುಖ ಮಾಡಿ, ಒಂದು ಮುಷ್ಟಿ ನೀರನ್ನು ಎತ್ತಿ ಹಿಡಿದಿದ್ದವು. ನಾನು ಇಷ್ಟು ವರ್ಷ ಓದಿದ್ದು ಇದನ್ನೇ. ಆದರೂ ಅದು ಹೀಗೆ ಕಣ್ಣೆದುರು ನಿಂತಾಗ ನಂಬಿಕೆಯಾಗಲಿಲ್ಲ. 

ಅದನ್ನು ಮೊದಲು ಅತ್ತೆಗೇ ತೋರಿಸಬೇಕು ಅನ್ನಿಸಿತು. ಆ ಪುಟ್ಟ ಬಾಟಲಿಯನ್ನೇ ಬಿಗಿಯಾಗಿ ಮುಚ್ಚಿ, ಕರವಸ್ತ್ರದಲ್ಲಿ ಸುತ್ತಿ ಅಂಗೈಯಲ್ಲಿ ಹಿಡಿದುಕೊಂಡೇ ಬಸ್ಸಿನಲ್ಲಿ ಕೂತೆ. ಮುಳಬಾಗಿಲಿನವರೆಗೆ ರಸ್ತೆ ನುಣುಪು. ಅಲ್ಲಿಂದ ಬೈರಕೂರಿನ ಕಡೆಗೆ ಹತ್ತಿದ ಬಸ್ಸು ನಮ್ಮನ್ನೆಲ್ಲ ಸೀಟಿನಿಂದ ಎತ್ತಿ ಎತ್ತಿ ಹಾಕಿತು. ಊರಿಗೆ ಬಂದು, ಅತ್ತೆಯನ್ನೂ ಅವರ ಸೊಸೆಯನ್ನೂ ಕರೆದು ನಿಲ್ಲಿಸಿ, ನೋಡಿ ಎಂದು ಬಾಟಲಿ ತಿರುಗಿಸಿದೆ.

ನೀರು ಜರ್ರೆಂದು ಕೆಳಗಿಳಿಯಿತು. ದಾರಿಯ ಕುಲುಕಾಟಕ್ಕೆ ಬಲೆ ಹರಿದುಹೋಗಿತ್ತು.

ಸೊಸೆ ನನ್ನ ಮುಖ ನೋಡಿದಳು, ಪಾಪ, ಇದರಲ್ಲಿ ಏನು ನೋಡಬೇಕೆಂದು ಅವಳಿಗೆ ತಿಳಿಯಲಿಲ್ಲ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತೆ ಮಾತ್ರ ಬಾಟಲಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಏನಾಗಬೇಕಿತ್ತು ಎಂದು ಕೇಳಿದರು. ತಿರುಗಿಸಿದರೆ ಬೀಳಬಾರದು, ಬೀಳದಿದ್ದರೆ ಕಟ್ಟಿದೆ ಅಂತ ಅರ್ಥ ಅಂದೆ.

"ಬಸ್ಸಲ್ಲಿ ಕುಣಿಸ್ಕೊಂಡು ಬಂದಿದೀಯ, ಇನ್ನೇನಾಗ್ತದೆ? ಮತ್ತೆ ಕಟ್ಕೊಂತಾವೆ ಬಿಡು," ಎಂದರು. ಕಟ್ಟದೆಯೂ ಇರಬಹುದು ಅತ್ತೆ, ಗೊತ್ತಿಲ್ಲ ಎಂದೆ. ನಿಜಕ್ಕೂ ಆಗ ನನಗೆ ಗೊತ್ತಿರಲಿಲ್ಲ. ಅವರು ಅದನ್ನು ಹುಳದಮನೆಯ ಮೂಲೆಯ ಹಲಗೆಯ ಮೇಲೆ, ನಾನು ಮೊಬೈಲು ಒರಗಿಸಿದ್ದ ಜಾಗದಲ್ಲಿ ಇಟ್ಟರು. "ಯಾರ್ನೂ ಮುಟ್ಟಕ್ಕೆ ಬಿಡಲ್ಲ. ನೀನು ಬಾ, ಇಬ್ರೂ ಒಟ್ಟಿಗೆ ತಿರುಗ್ಸಿ ನೋಡಾಣ."

ಮುಂದಿನ ತಿಂಗಳು ಬರ್ತೀನಿ ಅಂದೆ.

ಹೋಗಲಿಲ್ಲ. ಕೆಲಸ ಹಿಡಿತಕ್ಕೆ ಸಿಕ್ಕಿತ್ತು, ಒಂದರ ಹಿಂದೆ ಒಂದು ಪ್ರಯೋಗ, ಪ್ರಬಂಧ ಬರೆಯುವ ಗಡಿಬಿಡಿ. ಫೋನಿನಲ್ಲಿ ಅಮ್ಮ ಪ್ರತಿ ಸಲವೂ, ಎದುರು ಮನೆ ಅತ್ತೆ ನೀನು ಯಾವಾಗ ಬರ್ತೀಯ ಅಂತ ಕೇಳ್ತಾರೆ ಎನ್ನುತ್ತಿದ್ದರು. ಬರ್ತೀನಿ ಅಂತ ಹೇಳು ಅನ್ನುತ್ತಿದ್ದೆ. ಯಾಕೆ ಕೇಳುತ್ತಾರೆ ಎಂದು ಒಮ್ಮೆಯಾದರೂ ಕೇಳಬಹುದಿತ್ತು. ಆಮೇಲೆ ಅವರಿಗೆ ಹುಷಾರಿಲ್ಲ ಎಂದರು, ಕೋಲಾರದ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದರು, ಕರೆದುಕೊಂಡು ಬಂದಿದ್ದಾರೆ ಎಂದರು... ಒಂದು ವರ್ಷ ತುಂಬುವುದರೊಳಗೆ ಎಲ್ಲ ಮುಗಿದಿತ್ತು. ನನ್ನ ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದು ಒಂದೇ. ನನಗೆ ದಾರಿ ತೋರಿಸಿದ ಹೆಂಗಸು, ಆ ದಾರಿಯ ಕೊನೆಯಲ್ಲಿ ಏನಿತ್ತೆಂದು ನೋಡದೆಯೇ ಹೋದರು. ಅವರು ನೋಡಿದ್ದು ಜರ್ರೆಂದು ಇಳಿದ ನೀರು ಮಾತ್ರ.

ಹನ್ನೊಂದನೇ ದಿನದ ಕಾರ್ಯಕ್ಕೆ ಹೋದೆ. ಊಟ ಮುಗಿದ ಮೇಲೆ ಸೊಸೆಯನ್ನು ಕೇಳಿ ಹುಳದಮನೆಯ ಬೀಗ ತೆಗೆಸಿದೆ. ಹುಳ ನಿಲ್ಲಿಸಿ ಆಗಲೇ ತಿಂಗಳುಗಳಾಗಿದ್ದವು. ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿ, ನಡುವೆ ಟೊಮೆಟೊ ಕ್ರೇಟುಗಳನ್ನು ಪೇರಿಸಿದ್ದರು. ಅಭ್ಯಾಸಬಲದಿಂದ ಹೊಸಿಲಲ್ಲಿ ಸುಣ್ಣಕ್ಕಾಗಿ ಕಾಲು ಹುಡುಕಿದೆ, ಇರಲಿಲ್ಲ.

ಮೂಲೆಯ ಹಲಗೆಯ ಮೇಲೆ ಬಾಟಲಿ ಇತ್ತು. ಅದು ತಲೆಕೆಳಗಾಗಿ ನಿಂತಿತ್ತು. ಮುಚ್ಚಳ ಕೆಳಗೆ, ತಳ ಮೇಲೆ, ತಳದ ಮೇಲೆ ದಪ್ಪನೆಯ ಧೂಳು. ಒಳಗೆ ನನ್ನ ತಿಳಿನೀರು ಮೇಲೆಯೇ, ಒಂದು ಹನಿಯೂ ಜಾರದೆ ನಿಂತಿತ್ತು. ಅದರ ಕೆಳಗೆ ಖಾಲಿ ಜಾಗ.

 ಸೊಸೆಯೇ ಹೇಳಿದಳು. "ದಿನಾ ಬಂದು ನೋಡೋರಕ್ಕಾ, ಮುಟ್ತಿರ್ಲಿಲ್ಲ. ಆಸ್ಪತ್ರೆಗೆ ಹೋಗೋ ಹಿಂದಿನ ದಿನ ಅದನ್ನ ತಿರುಗ್ಸಿಟ್ಟು, ನನ್ನ ಕರ್ದು ತೋರ್ಸಿದ್ರು. ಅವಳಿಗೆ ಹೇಳ್ಬೇಡ, ಬಂದು ಅವಳೇ ನೋಡ್ಲಿ ಅಂದ್ರು."

ಒಟ್ಟಿಗೆ ನೋಡೋಣ ಅಂದಿದ್ದರು. ಕಾಯಲು ಆಗಲಿಲ್ಲವೋ, ಕಾಯುವಷ್ಟು ದಿನ ತಮಗಿಲ್ಲವೆಂದು ತಿಳಿಯಿತೋ... ಹರಿದ ಬಲೆಯನ್ನು ಅಣುಗಳು ತಾವೇ ಮತ್ತೆ ಹೆಣೆದುಕೊಳ್ಳುತ್ತವೆ ಎಂಬುದನ್ನು ನನಗಿಂತ ಮೊದಲು ಕಂಡವರು ಅವರು. ಅದನ್ನು ಆಮೇಲೆ ನಾನು ಅಳೆದು, ಬರೆದು, ಪದವಿ ಪಡೆದೆ. ಪ್ರಬಂಧದ ಮೊದಲ ಪುಟದಲ್ಲಿ ಎದುರು ಮನೆಯ ಅತ್ತೆಗೆ ಎಂದು ಹಾಕಿದೆ. ಅದರಿಂದ ನನಗೆ ಸಮಾಧಾನವಾಗಲಿಲ್ಲ, ಈಗಲೂ ಆಗಿಲ್ಲ. ಬಸ್ಸಿನಲ್ಲಿ ಮೂರು ಗಂಟೆಯ ದಾರಿ, ಒಂದು ಭಾನುವಾರ ಹೋಗಿ ಬರಬಹುದಿತ್ತು.

ಮೊನ್ನೆ ಲ್ಯಾಬಿಗೆ ಹೋದಾಗ ಹುಡುಗಿ ತಪ್ಪು ಗೊತ್ತಾಗಿ ಹೆದರಿ ನಿಂತಿದ್ದಳು. ಒಲೆ ಆರಿಸಿ, ಮತ್ತೆ ಬೇರೆ ಗೂಡು ಕತ್ತರಿಸು, ಹುಳ ತೆಗೆದು ಹಾಕು ಎಂದೆ. ಅವಳ ಕಣ್ಣು ನನ್ನ ಮೇಜಿನ ಮೇಲಿನ ಪುಟ್ಟ ಬಾಟಲಿಯ ಕಡೆಗೆ ಹೋಯಿತು. ಮೇಡಂ, ಅದು ಉಲ್ಟಾ ಇದೆ, ಸರಿ ಮಾಡಲಾ ಎಂದು ಕೈ ಚಾಚಿದಳು.

ಬೇಡ ಎಂದೆ. ಊರಿನಿಂದ ತಂದಾಗ ದಾರಿಯ ಕುಲುಕಾಟಕ್ಕೆ ಅದು ಮತ್ತೆ ನೀರಾಗಿತ್ತು. ಮೇಜಿನ ಮೇಲಿಟ್ಟು, ಕಟ್ಟಿಕೊಳ್ಳುವವರೆಗೆ ಮುಟ್ಟದೆ ಕಾದು, ಅತ್ತೆ ಇಟ್ಟಿದ್ದ ಹಾಗೆಯೇ ತಿರುಗಿಸಿ ಇಟ್ಟಿದ್ದೆ. ಅಷ್ಟು ದಿನವೂ ಪಕ್ಕದಲ್ಲಿ ಅವರೂ ಕಾಯುತ್ತಿರಬೇಕಿತ್ತು.